ಪಿಕೋಸೆಕೆಂಡ್ ಅಳೆಯಲು ಹೊರಟವರಿಗೆ: ಸೂಪರ್‌ಕಂಡಕ್ಟರ್ ಮೇಲೆ ಲೇಸರ್ ಪ್ರಯೋಗ ಮಾಡಿದ ನನ್ನ ಅನುಭವ

ಹೋದ ವಾರ ಥೀಸಿಸ್ ಸಲ್ಲಿಸಿದೆ. ನಮ್ಮ ಲ್ಯಾಬ್‌ಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು "ಅಕ್ಕ, ಸಿಗ್ನಲ್ ಬರೋಕೆ ಎಷ್ಟು ದಿನ ಬೇಕು?" ಅಂತ ಕೇಳ್ತಾನೇ ಇರುತ್ತಾರೆ. ಅದಕ್ಕೆ ಒಂದು ಮಾತಿನ ಉತ್ತರ ಇಲ್ಲ. ಪೇಪರ್‌ಗಳಲ್ಲಿ "ಸ್ಯಾಂಪಲನ್ನು ಕ್ರಯೋಸ್ಟ್ಯಾಟ್‌ನಲ್ಲಿಟ್ಟು ತಣಿಸಲಾಯಿತು" ಅಂತ ಒಂದೇ ಸಾಲು ಇರುತ್ತದೆ (ಕ್ರಯೋಸ್ಟ್ಯಾಟ್ ಅಂದರೆ ಸ್ಯಾಂಪಲನ್ನು ತೀರಾ ತಣ್ಣಗಿಡುವ ಪಾತ್ರೆ). ಆ ಸಾಲಿನ ಹಿಂದೆ ಒಂದು ಇಡೀ ಬೇಸಿಗೆ ಹೋಗಿರುತ್ತದೆ. ಅದನ್ನೆಲ್ಲ ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಒಂದು ತಾಪಮಾನಕ್ಕಿಂತ ಕೆಳಗೆ ವಿದ್ಯುತ್ತಿಗೆ ಚೂರೂ ತಡೆ ಒಡ್ಡದ ವಸ್ತುವೇ ಸೂಪರ್‌ಕಂಡಕ್ಟರ್. 1911ರಲ್ಲಿ ಕಾಮರ್ಲಿಂಗ್ ಓನ್ನೆಸ್ ಇದನ್ನು ಪಾದರಸದಲ್ಲಿ ಕಂಡದ್ದು 4.2 ಕೆಲ್ವಿನ್ ಹತ್ತಿರ, ಅಂದರೆ ಮೈನಸ್ 269 ಡಿಗ್ರಿ. 1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯುಲರ್ ತಾಮ್ರದ ಆಕ್ಸೈಡ್‌ಗಳಲ್ಲಿ ಇದನ್ನು ಕಂಡರು. ಮರುವರ್ಷವೇ ಇಟ್ರಿಯಂ ಇರುವ ಆಕ್ಸೈಡ್‌ನಲ್ಲಿ ಇದು 93 ಕೆಲ್ವಿನ್‌ವರೆಗೆ ಏರಿತು. ದ್ರವ ನೈಟ್ರೋಜನ್ 77 ಕೆಲ್ವಿನ್, ಅಂದರೆ ತಣಿಸಲು ಆ ಅಗ್ಗದ ದ್ರವವೇ ಸಾಕು, ಹಾಗಾಗಿ ಇಡೀ ಜಗತ್ತು ಕುಣಿದಾಡಿತು. ಆ ವಸ್ತುವಿನಲ್ಲಿ ಸೂಪರ್‌ಕಂಡಕ್ಟರ್ ಆಗುವುದು ಯಾವ ಭಾಗ ಅಂತ 1987ರಲ್ಲೇ ಗುರುತಿಸಿದವರಲ್ಲಿ ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರ ತಂಡವೂ ಇತ್ತು. ಸುಮಾರು ನಲವತ್ತು ವರ್ಷ ಆಯಿತು. ತಡೆ ಮಾಯವಾಗುವುದು ಎಲೆಕ್ಟ್ರಾನ್‌ಗಳು ಜೋಡಿಯಾಗುವುದರಿಂದ, ಆದರೆ ಈ ವಸ್ತುಗಳಲ್ಲಿ ಅವು ಯಾಕೆ ಜೋಡಿಯಾಗುತ್ತವೆ ಅನ್ನುವುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಇಲ್ಲ.

ನಾವು ಮಾಡುವುದು ಇಷ್ಟು. ಒಂದು ಚಿಕ್ಕ ಲೇಸರ್ ಪಲ್ಸ್ ಹೊಡೆದು ಒಂದಷ್ಟು ಜೋಡಿಗಳನ್ನು ಒಡೆಯುತ್ತೇವೆ. ಇದು ಪಂಪ್. ಸ್ವಲ್ಪ ತಡವಾಗಿ ಇನ್ನೊಂದು ಪಲ್ಸ್ ಕಳಿಸಿ, ಮೇಲ್ಮೈ ಎಷ್ಟು ಬೆಳಕನ್ನು ತಿರುಗಿ ಕೊಡುತ್ತದೆ ನೋಡುತ್ತೇವೆ. ಇದು ಪ್ರೋಬ್. ತೆಂಗಿನಕಾಯಿ ತಟ್ಟಿ ಒಳಗೆ ನೀರಿದೆಯಾ ಅಂತ ಕೇಳುವ ಹಾಗೆ. ಒಡೆದ ಜೋಡಿಗಳು ಮತ್ತೆ ಕೂಡಲು ಎಷ್ಟು ಹೊತ್ತು ಬೇಕು ಅನ್ನುವುದರಲ್ಲಿ, ಅವನ್ನು ಕೂಡಿಸುವುದು ಯಾವುದು ಅನ್ನುವ ಸುಳಿವು ಇರುತ್ತದೆ. ಆ ಹೊತ್ತು ಕೆಲವು ಪಿಕೋಸೆಕೆಂಡ್ ಮಾತ್ರ. ಸೆಕೆಂಡನ್ನು ಲಕ್ಷ ಕೋಟಿ ತುಂಡು ಮಾಡಿದರೆ ಒಂದು ತುಂಡು ಒಂದು ಪಿಕೋಸೆಕೆಂಡ್. ನಮ್ಮ ಪಲ್ಸ್ ಅದರಲ್ಲೂ ಹತ್ತನೇ ಒಂದು ಭಾಗ, 100 ಫೆಮ್ಟೋಸೆಕೆಂಡ್.

ಇನ್ನು ಕಥೆ. ಮೊದಲ ಕಾಯುವಿಕೆ ಹರಳಿಗೆ. ನಾನು ಆರಿಸಿಕೊಂಡದ್ದು ಬಿಸ್ಮತ್ ಕ್ಯುಪ್ರೇಟ್, ಅದೂ ಒಂದು ತಾಮ್ರದ ಆಕ್ಸೈಡೇ. ಲ್ಯಾಬ್‌ನಲ್ಲಿ ಎಲ್ಲರೂ ಬಿಸ್ಕೋ ಅಂತಲೇ ಕರೆಯುತ್ತೇವೆ. ಒಳ್ಳೆಯ ಹರಳಿನಲ್ಲಿ ಸುಮಾರು 91 ಕೆಲ್ವಿನ್‌ಗೆ ತಡೆ ಮಾಯವಾಗುತ್ತದೆ. ಇದನ್ನು ಬೆಳೆಸುವುದು ಫ್ಲೋಟಿಂಗ್ ಝೋನ್ ಕುಲುಮೆಯಲ್ಲಿ, ಅದು ಕಡ್ಡಿಯ ಒಂದು ಸಣ್ಣ ಭಾಗವನ್ನಷ್ಟೇ ಕರಗಿಸುತ್ತಾ ಸಾಗುತ್ತದೆ. ಗಂಟೆಗೆ ಮಿಲಿಮೀಟರಿಗಿಂತ ಕಡಿಮೆ ಬೆಳೆಯುತ್ತದೆ. ನಮ್ಮ ಲ್ಯಾಬ್‌ನಲ್ಲಿ ಆ ಕುಲುಮೆ ಇಲ್ಲ, ಬೇರೆ ಗುಂಪಿನಿಂದ ಕೇಳಿ ತರಿಸಬೇಕು. ಕೇಳುವಾಗ "ಒಂದು ಹರಳು ಕೊಡಿ" ಅನ್ನಬೇಡಿ. ಒಂದೇ ಬೆಳೆಯ ನಾಲ್ಕೈದು ತುಂಡು ಕೇಳಿ, ಜೊತೆಗೆ ಅದರ ಕಾಂತೀಯ ಅಳತೆಯ ಫೈಲನ್ನೂ ಕೇಳಿ. ಆ ಫೈಲ್ ಯಾಕೆ ಬೇಕು ಅಂತ ಮುಂದೆ ಗೊತ್ತಾಗುತ್ತದೆ.

ಹರಳು ಬರುವಷ್ಟರಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದ ಖರೀದಿ ಅದಕ್ಕಿಂತ ನಿಧಾನವಾಯಿತು. ಕನ್ನಡಿ, ಲೇಸರ್ ಬೆಳಕನ್ನು ನೀಲಿಯಾಗಿಸುವ ಬಿಬಿಓ ಹರಳು, ಕನ್ನಡಿಯನ್ನು ಅಳತೆಗೆ ಸರಿಸಿ ಪಲ್ಸನ್ನು ತಡಮಾಡುವ ಡಿಲೇ ಸ್ಟೇಜ್, ಎಲ್ಲಾ ಹೊರಗಿನಿಂದ ಬರಬೇಕು. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಆ ವಸ್ತು ಸಿಗಲ್ಲ ಅನ್ನುವ ವರದಿ ತೆಗೆಯಬೇಕಿತ್ತು, ಮೂರು ಕೊಟೇಶನ್ ತರಬೇಕಿತ್ತು, ಒಬ್ಬರೇ ಮಾಡುವ ವಸ್ತುವಾದರೆ ಅದಕ್ಕೊಂದು ಸರ್ಟಿಫಿಕೇಟ್, ಆಮೇಲೆ ಕಸ್ಟಮ್ಸ್ ಕಾಗದ. ಒಂದು ಗಮನಿಸಿ: ಸಂಶೋಧನಾ ಸಂಸ್ಥೆಗಳಿಗೆ ಮೊದಲು ಇದ್ದ ಬರೀ 5% ಜಿಎಸ್‌ಟಿಯ ರಿಯಾಯಿತಿ ದರ 2022ರ ಜುಲೈನಲ್ಲಿ ಹೋಯಿತು. ಇಂಥ ಬಹಳಷ್ಟು ಉಪಕರಣಗಳಿಗೆ 18% ಲೆಕ್ಕ ಬಂತು. ಹಳೆಯ ಪ್ರಾಜೆಕ್ಟ್ ಬಜೆಟ್ ಇಟ್ಟುಕೊಂಡು ಕೊಟೇಶನ್ ನೋಡಿದರೆ ದುಡ್ಡು ಸಾಲುವುದಿಲ್ಲ. ನಮ್ಮ ಗೈಡ್ ಮೇಡಂ ಕೊನೆಗೆ ಒಂದು ಡಿಟೆಕ್ಟರ್ ಕೈಬಿಟ್ಟು ಕನ್ನಡಿಗಳಿಗೆ ಸರಿಮಾಡಿದರು. ಒಂದು ಪಾರ್ಸೆಲ್ ಕಾಗದದ ಮೇಲಿನ ಒಂದು ಸಂಖ್ಯೆ ತಾಳೆಯಾಗದೆ ವಿಮಾನ ನಿಲ್ದಾಣದ ಗೋದಾಮಿನಲ್ಲಿ ವಾರಗಟ್ಟಲೆ ಕೂತಿತ್ತು, ಅದಕ್ಕೆ ದಿನಬಾಡಿಗೆ ಬೇರೆ. ತುಂಬಾ ಬೇಜಾರಾಗಿತ್ತು. ಇನ್‌ವಾಯ್ಸ್‌ನಲ್ಲಿರುವ ಹೆಸರು, ವಿಳಾಸ, ಪರ್ಚೇಸ್ ಆರ್ಡರ್ ನಂಬರ್ ಅಕ್ಷರಶಃ ಒಂದೇ ಇದೆಯಾ ಅಂತ ಸರಕು ಹೊರಡುವ ಮೊದಲೇ ನೋಡಿಬಿಡಿ.

ಲೇಸರ್ ಮಾತ್ರ ನಾನು ಸೇರುವ ಮೊದಲೇ ಇತ್ತು. ಟೈಟೇನಿಯಂ ಸಫೈರ್, 800 ನ್ಯಾನೋಮೀಟರ್, ಸೆಕೆಂಡಿಗೆ 8 ಕೋಟಿ ಪಲ್ಸ್. ಪಲ್ಸ್‌ಗಳ ಬಲ ಹೆಚ್ಚಿಸುವ, ಕೋಟಿಗಟ್ಟಲೆ ಬೆಲೆಯ ಆಂಪ್ಲಿಫೈಯರ್ ಇಲ್ಲದೆಯೂ ಈ ಕೆಲಸ ಶುರು ಮಾಡಬಹುದು, ಪಲ್ಸ್ ಹುಟ್ಟಿಸುವ ಮೂಲ ಲೇಸರ್, ಅಂದರೆ ಆಸಿಲೇಟರ್ ಸಾಕು. ಆದರೆ ಕೋಣೆ ಚೆನ್ನಾಗಿರಬೇಕು. ಎ.ಸಿ. ಆನ್ ಆಫ್ ಆಗುತ್ತಾ ಕೋಣೆ ಒಂದು ಡಿಗ್ರಿ ಆಚೀಚೆ ಆದರೆ ಕಿರಣ ಜರುಗುತ್ತದೆ, ಅದು ಸಿಗ್ನಲ್‌ನಲ್ಲಿ ನಿಧಾನದ ಅಲೆಯಾಗಿ ಕಾಣುತ್ತದೆ. ಮಳೆಗಾಲದಲ್ಲಿ ತೇವಾಂಶ ಇನ್ನೊಂದು ತಲೆನೋವು. ಕರೆಂಟ್ ಒಂದು ಸಲ ಮಿಣುಕಿದರೂ ಲೇಸರ್ ಮತ್ತೆ ಹದಕ್ಕೆ ಬರಲು ಗಂಟೆ ಬೇಕು. ಲೇಸರ್‌ಗೆ ಯುಪಿಎಸ್ ಎಲ್ಲರೂ ಹಾಕುತ್ತಾರೆ, ಅದನ್ನು ತಣ್ಣಗಿಡುವ ಚಿಲ್ಲರ್‌ಗೂ ಹಾಕಿಸಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ, ಟೈಮ್ ಝೀರೋ ಹುಡುಕುವುದು. ಪಂಪ್ ಮತ್ತು ಪ್ರೋಬ್ ಎರಡೂ ಒಂದೇ ಕ್ಷಣಕ್ಕೆ ಸ್ಯಾಂಪಲ್ ಮುಟ್ಟುವ ಜಾಗ ಯಾವುದು? ಬೆಳಕು ಒಂದು ಪಿಕೋಸೆಕೆಂಡ್‌ನಲ್ಲಿ 0.3 ಮಿಲಿಮೀಟರ್ ಹೋಗುತ್ತದೆ. ಡಿಲೇ ಸ್ಟೇಜ್ ಮೇಲಿನ ಕನ್ನಡಿಗೆ ಹೋಗಿ ವಾಪಸ್ ಬರುವುದರಿಂದ, ಸ್ಟೇಜನ್ನು 0.15 ಮಿಲಿಮೀಟರ್ ಸರಿಸಿದರೆ ಒಂದು ಪಿಕೋಸೆಕೆಂಡ್. ಅಂದರೆ ಎರಡೂ ಕಿರಣಗಳು ಮೇಜಿನ ಮೇಲೆ ನಡೆಯುವ ದಾರಿ ಮೀಟರುಗಟ್ಟಲೆ ಇದ್ದರೂ, ಉದ್ದ ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು. ಮೊದಲು ದಾರದಲ್ಲಿ ಎರಡೂ ದಾರಿ ಅಳೆಯಿರಿ. ಆಮೇಲೆ ವೇಗದ ಫೋಟೋಡಯೋಡ್ ಇಟ್ಟು ಆಸಿಲೋಸ್ಕೋಪ್‌ನಲ್ಲಿ ಎರಡು ಪಲ್ಸ್‌ಗಳನ್ನು ಒಂದರ ಮೇಲೊಂದು ತನ್ನಿ. ಇಷ್ಟರಲ್ಲಿ ಕೆಲವು ಸೆಂಟಿಮೀಟರ್ ಒಳಗೆ ಬಂದಿರುತ್ತೀರಿ. ಕೊನೆಗೆ ಸ್ಯಾಂಪಲ್ ಜಾಗದಲ್ಲಿ ತೆಳು ಬಿಬಿಓ ಹರಳು ಇಟ್ಟು, ಹಿಂದೆ ಬಿಳಿ ಕಾಗದ ಹಿಡಿದು, ಸ್ಟೇಜನ್ನು ನಿಧಾನಕ್ಕೆ ಓಡಿಸಿ. ಸುರಕ್ಷತಾ ಕನ್ನಡಕ ತೆಗೆಯಲೇಬೇಡಿ, ಪವರ್ ತೀರಾ ಇಳಿಸಿ, ನೀಲಿ ದಾಟಿಸಿ 800 ತಡೆಯುವ ಕನ್ನಡಕ ಸಿಗುತ್ತದೆ, ಅದನ್ನೇ ಹಾಕಿ. ಎರಡು ಕಿರಣಗಳೂ ತಮ್ಮ ಪಾಡಿಗೆ ಒಂದೊಂದು ನೀಲಿ ಚುಕ್ಕೆ ಕೊಡುತ್ತಿರುತ್ತವೆ. ಸಮಯ ಕೂಡಿದ ಆ ಜಾಗದಲ್ಲಿ ಮಾತ್ರ ಅವೆರಡರ ಮಧ್ಯೆ ಮೂರನೆಯದು ಮೂಡುತ್ತದೆ, ಸ್ಟೇಜ್ ಸ್ವಲ್ಪ ಸರಿದರೆ ಆರಿಹೋಗುತ್ತದೆ. ನನಗೆ ಆ ಚುಕ್ಕೆ ಕಂಡಾಗ ರಾತ್ರಿ ಹನ್ನೊಂದು ದಾಟಿತ್ತು. ಕಾರಿಡಾರ್‌ನಲ್ಲಿದ್ದ ಸೆಕ್ಯುರಿಟಿ ಅಣ್ಣನನ್ನು ಕರೆದು ಕನ್ನಡಕ ಹಾಕಿಸಿ ತೋರಿಸಿದೆ. ಸ್ಟೇಜಿನ ಆ ಸಂಖ್ಯೆಯನ್ನು ನೋಟ್‌ಬುಕ್‌ನಲ್ಲೂ, ಮೇಜಿನ ಮೇಲೆ ಟೇಪ್ ಅಂಟಿಸಿ ಅದರ ಮೇಲೂ ಬರೆಯಿರಿ.

ಸ್ಯಾಂಪಲ್ ಕೂರಿಸುವುದು ಕೈಚಳಕದ ಕೆಲಸ. ಬಿಸ್ಕೋ ಅಭ್ರಕದ ಥರ ಪದರ ಪದರವಾಗಿರುತ್ತದೆ. ಮೇಲೆ ಸ್ಕಾಚ್ ಟೇಪ್ ಒತ್ತಿ ಕಿತ್ತರೆ ಹೊಸ ಮೇಲ್ಮೈ ಬರುತ್ತದೆ, ಕನ್ನಡಿಯಂತೆ ಹೊಳೆಯುತ್ತದೆ. ತಾಮ್ರದ ತಟ್ಟೆಗೆ ಬೆಳ್ಳಿ ಪೇಸ್ಟ್‌ನಿಂದ ತೆಳುವಾಗಿ ಅಂಟಿಸಿ. ಪೇಸ್ಟ್ ದಪ್ಪವಾದರೆ ಹರಳು ಸರಿಯಾಗಿ ತಣಿಯಲ್ಲ, ಅಂಚಿನಲ್ಲಿ ಮಾತ್ರ ಅಂಟಿದರೆ ತಣಿಯುವಾಗ ಬಿರುಕು ಬಿಡುತ್ತದೆ. ಕ್ರಯೋಸ್ಟ್ಯಾಟ್ ಮುಚ್ಚಿ ಇಡೀ ರಾತ್ರಿ ವ್ಯಾಕ್ಯೂಮ್ ಪಂಪ್ ಓಡಬೇಕು. ಅವಸರ ಮಾಡಿದರೆ ಒಳಗೆ ಉಳಿದ ನೀರಿನ ಆವಿ ಎಲ್ಲಕ್ಕಿಂತ ತಣ್ಣಗಿನ ಜಾಗದ ಮೇಲೆ, ಅಂದರೆ ನಿಮ್ಮ ಹರಳಿನ ಮೇಲೆ, ಮಂಜಾಗಿ ಕೂರುತ್ತದೆ. ಸಿಗ್ನಲ್ ನಿಧಾನಕ್ಕೆ ಕುಗ್ಗುತ್ತಾ ಹೋಗುವುದನ್ನು ನೋಡಿ ಏನೋ ಹೊಸ ಭೌತಶಾಸ್ತ್ರ ಅಂತ ಅನ್ನಿಸುತ್ತದೆ.

91 ಕೆಲ್ವಿನ್ ಅಂದಮೇಲೆ ನೈಟ್ರೋಜನ್ ಸಾಕಲ್ವಾ ಅಂತ ಕೇಳಬಹುದು. ಸಾಲಲ್ಲ. 77ರ ಕೆಳಗೆ ಏನಾಗುತ್ತದೆ ಅನ್ನುವುದೇ ಮುಖ್ಯ, ಅದಕ್ಕೆ ನಮ್ಮ ಕ್ರಯೋಸ್ಟ್ಯಾಟ್‌ಗೆ ದ್ರವ ಹೀಲಿಯಂ ಬೇಕು. ಬೆಲೆ ನೈಟ್ರೋಜನ್‌ಗಿಂತ ಹತ್ತಾರು ಪಟ್ಟು. ಕ್ಯಾಂಪಸ್‌ನಲ್ಲಿ ದ್ರವೀಕರಣ ಯಂತ್ರ ಇದ್ದರೆ ಅದೃಷ್ಟ, ಆದರೂ ಸರದಿ ಇರುತ್ತದೆ. ಆವಿಯಾದ ಗ್ಯಾಸ್ ಪೈಪ್‌ನಲ್ಲಿ ವಾಪಸ್ ಹೋಗಬೇಕು, ಹೋಗದೆ ಕಳೆದುಹೋದದ್ದಕ್ಕೆ ಪ್ರಾಜೆಕ್ಟ್‌ನಿಂದ ದುಡ್ಡು ಕಟ್ಟಬೇಕು. ಹೀಲಿಯಂ ವಿಭಾಗದ ಹಿರಿಯರೊಬ್ಬರು ನನಗೆ ಹೇಳಿಕೊಟ್ಟದ್ದು: "ನೋಡಮ್ಮಾ, ಮೊದಲು ನೈಟ್ರೋಜನ್‌ನಲ್ಲಿ ಎಲ್ಲಾ ಪ್ರಾಕ್ಟೀಸ್ ಮಾಡ್ಕೋ. ಹೀಲಿಯಂ ಬಂದ ದಿನ ಯೋಚನೆ ಮಾಡೋಕೆ ಕೂರಬಾರದು, ಬರೀ ಅಳೀಬೇಕು." ಇದಕ್ಕಿಂತ ಒಳ್ಳೆಯ ಸಲಹೆ ನನಗೆ ಯಾವ ಪೇಪರ್‌ನಲ್ಲೂ ಸಿಗಲಿಲ್ಲ.

ತಣಿಸುವಾಗ ಇನ್ನೊಂದು ತೊಡಕು. ಕ್ರಯೋಸ್ಟ್ಯಾಟ್ ಒಳಗಿನ ಕೋಲು ಕುಗ್ಗುತ್ತದೆ, ಅದರ ತುದಿಯ ಸ್ಯಾಂಪಲ್ ಮೇಲಕ್ಕೆ ಜರುಗುತ್ತದೆ. ನಮ್ಮ ಪ್ರೋಬ್ ಚುಕ್ಕೆ 50 ಮೈಕ್ರಾನ್, ಪಂಪ್ ಅದರ ಎರಡರಷ್ಟು. ಹಾಗಾಗಿ ಒಂದೊಂದು ತಾಪಮಾನಕ್ಕೂ ಚುಕ್ಕೆಗಳು ಅದೇ ಜಾಗದಲ್ಲಿವೆಯಾ ನೋಡಬೇಕು. ಒಂದು ಚಿಕ್ಕ ಕ್ಯಾಮೆರಾ ಇಟ್ಟು ಹರಳಿನ ಮೇಲಿನ ಒಂದು ಗೀರನ್ನು ಗುರುತು ಮಾಡಿಕೊಳ್ಳಿ. ಪಂಪ್‌ನ ಬೆಳಕು ಚದುರಿ ಡಿಟೆಕ್ಟರ್‌ಗೆ ಬರದಂತೆ ಎರಡೂ ಕಿರಣಗಳ ಧ್ರುವೀಕರಣ (ಬೆಳಕಿನ ಅಲೆ ಅಲುಗಾಡುವ ದಿಕ್ಕು) ಅಡ್ಡಡ್ಡ ಇಟ್ಟು, ಡಿಟೆಕ್ಟರ್ ಮುಂದೆ ಒಂದೇ ದಿಕ್ಕಿನದನ್ನು ಬಿಡುವ ಪೋಲರೈಸರ್ ಹಾಕಿ.

ಪ್ರತಿಫಲನದಲ್ಲಿ ಆಗುವ ಬದಲಾವಣೆ ಹತ್ತು ಸಾವಿರದಲ್ಲಿ ಒಂದು, ಕೆಲವೊಮ್ಮೆ ಲಕ್ಷದಲ್ಲಿ ಒಂದು. ಅದನ್ನು ಹಿಡಿಯಲು ಪಂಪನ್ನು ಒಂದು ಲಯದಲ್ಲಿ ಕತ್ತರಿಸುತ್ತಾ, ಆ ಲಯದ ಸಿಗ್ನಲನ್ನು ಮಾತ್ರ ಲಾಕ್-ಇನ್ ಆಂಪ್ಲಿಫೈಯರ್‌ನಲ್ಲಿ ಆರಿಸಿಕೊಳ್ಳುತ್ತೇವೆ. ತಿರುಗುವ ಚಾಪರ್ ಅಗ್ಗ, ಆದರೆ ನಿಧಾನ. ಶಬ್ದದ ಅಲೆಯಿಂದ ಕಿರಣವನ್ನು ತುಂಬಾ ವೇಗವಾಗಿ ಕತ್ತರಿಸುವ ಅಕೌಸ್ಟೋ ಆಪ್ಟಿಕ್ ಮಾಡ್ಯುಲೇಟರ್ ಸಿಕ್ಕರೆ ಅದನ್ನೇ ಹಾಕಿ, ಲೇಸರ್‌ನ ಬೇಡದ ಏರಿಳಿತ (ನಾಯ್ಸ್) ಹೆಚ್ಚಿನ ಆವರ್ತನದಲ್ಲಿ ತುಂಬಾ ಕಡಿಮೆ. ನಮಗೆ ಅದನ್ನು ಹಾಕಿದ ದಿನವೇ ಗ್ರಾಫ್ ಬೇರೆಯಾಗಿ ಕಂಡಿತು.

ಸಿಗ್ನಲ್ ಬಂತು. 91 ಕೆಲ್ವಿನ್ ಮೇಲೆ ಒಂದು ಚುರುಕಾದ, ಪಿಕೋಸೆಕೆಂಡ್ ಒಳಗೆ ಆರಿಹೋಗುವ ಪ್ರತಿಕ್ರಿಯೆ. ಇದು ಸೂಡೋಗ್ಯಾಪ್ ಸ್ಥಿತಿಯದ್ದು, ಅಂದರೆ ಸೂಪರ್‌ಕಂಡಕ್ಟರ್ ಆಗುವ ಮೊದಲೇ ಈ ವಸ್ತುಗಳಲ್ಲಿ ಕಾಣುವ ಒಂದು ವಿಚಿತ್ರ ಸ್ಥಿತಿ. ಕೆಳಗೆ ಇಳಿದಂತೆ ಅದರ ಜೊತೆ ಉಲ್ಟಾ ಚಿಹ್ನೆಯ, ಕೆಲವು ಪಿಕೋಸೆಕೆಂಡ್ ಉಳಿಯುವ ಇನ್ನೊಂದು. ಜೋಡಿಗಳು ಒಡೆದು ಮತ್ತೆ ಕೂಡುವುದು ಕಾಣುವುದು ಇದರಲ್ಲೇ. ಇದನ್ನು ವಿವರಿಸಲು ಇವತ್ತಿಗೂ ಬಳಸುವುದು ರೋಥ್ವಾರ್ಫ್ ಮತ್ತು ಟೇಲರ್ 1967ರಲ್ಲಿ ಕೊಟ್ಟ ಸಮೀಕರಣಗಳನ್ನು. ಎರಡು ಎಲೆಕ್ಟ್ರಾನ್ ಕೂಡಿದಾಗ ಒಂದು ಕಂಪನ ಹೊರಬರುತ್ತದೆ, ಆ ಕಂಪನವೇ ಇನ್ನೊಂದು ಜೋಡಿಯನ್ನು ಒಡೆಯಬಹುದು, ಹಾಗಾಗಿ ಕಂಪನ ಕರಗುವ ತನಕ ಪೂರ್ತಿ ಚೇತರಿಕೆ ಇಲ್ಲ. ಲ್ಯಾಬ್‌ನಲ್ಲಿ ಎಲ್ಲರೂ ಖುಷಿಪಟ್ಟರು. ಆದರೆ ನನ್ನ ಗ್ರಾಫ್‌ನಲ್ಲಿ ಆ ಎರಡನೆಯ ಸಿಗ್ನಲ್ ಶುರುವಾಗಿದ್ದು 91ಕ್ಕೆ ಅಲ್ಲ, 84ರ ಹತ್ತಿರ.

ಹರಳಿನ ಜೊತೆ ಬಂದ ಕಾಂತೀಯ ಅಳತೆಯ ಫೈಲ್ ಬೇಕಾಗುವುದು ಇಲ್ಲೇ. ಹರಳು ಸೂಪರ್‌ಕಂಡಕ್ಟರ್ ಆಗುವುದು 91ಕ್ಕೆ ಅಂತ ಅದು ಹೇಳುತ್ತಿದೆ, ಲೇಸರ್ 84 ಅನ್ನುತ್ತಿದೆ. ಥರ್ಮಾಮೀಟರ್ ಇರುವುದು ತಾಮ್ರದ ತಟ್ಟೆಯಲ್ಲಿ. ಚುಕ್ಕೆ ಬಿದ್ದ ಜಾಗ ಅದಕ್ಕಿಂತ ಬಿಸಿಯಾಗಿತ್ತು. ಸೆಕೆಂಡಿಗೆ 8 ಕೋಟಿ ಪಲ್ಸ್ ಬೀಳುತ್ತಿದ್ದರೆ ಎರಡರ ನಡುವೆ ಆರಲು ಬಿಡುವೇ ಇರಲ್ಲ, ಮೇಲಾಗಿ ಬಿಸ್ಕೋ ಪದರಗಳ ಅಡ್ಡಕ್ಕೆ ಶಾಖವನ್ನು ಸರಿಯಾಗಿ ದಾಟಿಸುವುದಿಲ್ಲ. ಈ ಬಿಸಿಯನ್ನು ಲೆಕ್ಕಕ್ಕೆ ತರದೆ ಬರೆದ ಯಾವ ಸಂಖ್ಯೆಯನ್ನೂ ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಮಾಡಬೇಕಾದದ್ದು ಬೇಸರದ ಕೆಲಸ, ಆದರೆ ಸುಲಭ. ಲೇಸರ್ ಪವರ್ ಅರ್ಧ ಮಾಡಿ, ಇಡೀ ತಾಪಮಾನದ ಸಾಲನ್ನು ಮತ್ತೆ ಅಳೆಯಿರಿ. ಇನ್ನೂ ಅರ್ಧ ಮಾಡಿ, ಮತ್ತೆ. ಸಿಗ್ನಲ್ ಶುರುವಾಗುವ ತಾಪಮಾನ ಮೇಲೇರುತ್ತಾ ಹೋಗುತ್ತದೆ. ಪವರ್ ಸೊನ್ನೆಗೆ ಗೆರೆ ಎಳೆದರೆ ಅದು ಕಾಂತೀಯ ಅಳತೆಯ ಸಂಖ್ಯೆಗೆ ಬಂದು ಮುಟ್ಟಬೇಕು. ನನ್ನದು ಮುಟ್ಟಿತು. ಆ ಗ್ರಾಫ್ ಥೀಸಿಸ್‌ನಲ್ಲಿ ಅನುಬಂಧಕ್ಕೆ ಹೋಗಲಿ ಅಂದರು, ನಾನು ಮುಖ್ಯ ಅಧ್ಯಾಯದಲ್ಲೇ ಇಟ್ಟೆ. ಪಂಪ್ ಹೆಚ್ಚಿಸಿ ಚದರ ಸೆಂಟಿಮೀಟರಿಗೆ ಕೆಲವು ಹತ್ತು ಮೈಕ್ರೋಜೂಲ್ ದಾಟಿಸಿದರೆ ಎಲ್ಲಾ ಜೋಡಿಗಳೂ ಒಡೆದು ಸಿಗ್ನಲ್ ಏರುವುದೇ ನಿಲ್ಲುತ್ತದೆ. ಇದಕ್ಕೆ ಪಲ್ಸ್‌ಗಳ ಸಂಖ್ಯೆ ಇಳಿಸುವ ಪಲ್ಸ್ ಪಿಕರ್ ಬೇಕೇ ಬೇಕು, ಇಲ್ಲದಿದ್ದರೆ ಅಳೆಯುವುದು ಬರೀ ಬಿಸಿಯನ್ನು.

ಎರಡನೇ ಭಾಗ ಜರ್ಮನಿಯಲ್ಲಿ. 800 ನ್ಯಾನೋಮೀಟರ್ ಬೆಳಕಿನ ಒಂದು ಫೋಟಾನ್‌ನ ಶಕ್ತಿ ಜೋಡಿಯನ್ನು ಒಡೆಯಲು ಬೇಕಾದ್ದಕ್ಕಿಂತ ತುಂಬಾ ಜಾಸ್ತಿ. ಜೋಡಿಗಳನ್ನು ಹಾಗೆ ಚೂರು ಮಾಡದೆ ಒಟ್ಟಾಗಿ ಅಲುಗಾಡಿಸಬೇಕಾದರೆ ಟೆರಾಹರ್ಟ್ಜ್ ಅಲೆ ಬೇಕು (ಒಂದು ಟೆರಾಹರ್ಟ್ಜ್ ಅಂದರೆ ಸೆಕೆಂಡಿಗೆ ಲಕ್ಷ ಕೋಟಿ ಕಂಪನ). 2014ರಲ್ಲಿ ಟೋಕಿಯೊದ ಶಿಮಾನೊ ತಂಡ ನಯೋಬಿಯಂ ನೈಟ್ರೈಡ್ ಎಂಬ ಸೂಪರ್‌ಕಂಡಕ್ಟರ್‌ನಲ್ಲಿ ಹೀಗೆ ಅಲುಗಾಡಿಸಿ, ಕೊಟ್ಟ ಆವರ್ತನದ ಮೂರು ಪಟ್ಟಿನಲ್ಲಿ ಬೆಳಕು ಹೊರಬರುವುದನ್ನು ತೋರಿಸಿತು. ಜೋಡಿಗಳ ಈ ಒಟ್ಟು ಅಲುಗಾಟಕ್ಕೆ ಹಿಗ್ಸ್ ಕಂಪನ ಅನ್ನುತ್ತಾರೆ. ತಾಮ್ರದ ಆಕ್ಸೈಡ್‌ಗಳಲ್ಲಿ ಇದನ್ನು ಮಾಡಿದ ಕೆಲಸ 2020ರಲ್ಲಿ ಪ್ರಕಟವಾಯಿತು. ಡ್ರೆಸ್ಡನ್ ಹತ್ತಿರ ರೊಸೆಂಡಾರ್ಫ್‌ನಲ್ಲಿ, ವೇಗವರ್ಧಕದಿಂದ ಟೆರಾಹರ್ಟ್ಜ್ ಅಲೆ ಹುಟ್ಟಿಸುವ ಟೆಲ್ಬೆ ಎಂಬ ಸೌಲಭ್ಯದಲ್ಲಿ, 0.7 ಟೆರಾಹರ್ಟ್ಜ್ ಕೊಟ್ಟು 2.1 ಟೆರಾಹರ್ಟ್ಜ್ ನೋಡಿದರು. ನಮ್ಮ ಅರ್ಜಿಯೂ ಅಲ್ಲಿಗೇ.

ಅಲ್ಲಿ ವರ್ಷಕ್ಕೆ ಎರಡು ಸಲ ಅರ್ಜಿ ಕರೆಯುತ್ತಾರೆ. ಫಲಿತಾಂಶ ಪ್ರಕಟಿಸುವ ಸಂಶೋಧಕರು ಯಂತ್ರಕ್ಕೆ ಬಾಡಿಗೆ ಕಟ್ಟಬೇಕಿಲ್ಲ. ಅರ್ಜಿಯಲ್ಲಿ "ಇದು ಬೇರೆಲ್ಲೂ ಯಾಕೆ ಆಗಲ್ಲ" ಅನ್ನುವುದನ್ನು ಮೊದಲ ಪುಟದಲ್ಲೇ ಬರೆಯಿರಿ, ನಿಮ್ಮ ಲ್ಯಾಬ್‌ನ ಪ್ರಾಥಮಿಕ ಡೇಟಾ ಒಂದಾದರೂ ಹಾಕಿ. ಮೊದಲ ಸಲ ನಮಗೆ ಸಿಗಲಿಲ್ಲ. ಪರಿಶೀಲಕರ ಟಿಪ್ಪಣಿ ನ್ಯಾಯವಾಗಿತ್ತು: ಟೆರಾಹರ್ಟ್ಜ್ ದಾಟಿ ಬರಬೇಕು, ದಪ್ಪ ಹರಳು ನಡೆಯಲ್ಲ, ನ್ಯಾನೋಮೀಟರ್‌ಗಳ ಲೆಕ್ಕದ ತೆಳು ಫಿಲ್ಮ್ ಬೇಕು. ಅದನ್ನು ಮಾಡಿಕೊಡುವ ಗುಂಪನ್ನು ಹುಡುಕಿ, ಫಿಲ್ಮ್ ಬಂದು, ಮತ್ತೆ ಅರ್ಜಿ ಹಾಕುವಷ್ಟರಲ್ಲಿ ಒಂದು ಸುತ್ತು ಕೈತಪ್ಪಿತು.

ಬೀಮ್‌ಟೈಮ್ (ಅಲ್ಲಿನ ಯಂತ್ರ ಬಳಸಲು ಕೊಡುವ ಸಮಯ) ಸಿಕ್ಕಿದೆ ಅಂತ ಮೇಲ್ ಬಂದ ದಿನವೇ ವೀಸಾ ಸ್ಲಾಟ್ ಹುಡುಕಿ. ಷೆಂಗೆನ್ ವೀಸಾಗೆ ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಶುಲ್ಕ 2024ರ ಜೂನ್‌ನಿಂದ 90 ಯೂರೋ, ಸರ್ವಿಸ್ ಚಾರ್ಜ್ ಬೇರೆ. 30,000 ಯೂರೋ ಕವರ್ ಇರುವ ವಿಮೆ ಕಡ್ಡಾಯ. ಆಹ್ವಾನ ಪತ್ರದಲ್ಲಿ ಖರ್ಚು ಯಾರದ್ದು ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಿ, ನಿಮ್ಮ ಸಂಸ್ಥೆಯಿಂದ ರಜೆ ಪತ್ರ, ಫೆಲೋಶಿಪ್ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್. ಇಲ್ಲೇ ನನಗೆ ಕಷ್ಟವಾದದ್ದು. ಹಿರಿಯ ಫೆಲೋಶಿಪ್ ತಿಂಗಳಿಗೆ 42,000 ರೂಪಾಯಿ ಅನ್ನುವುದು ಕಾಗದದ ಮೇಲೆ ಸರಿ, ನನ್ನ ಖಾತೆಗೆ ಹಲವು ತಿಂಗಳಿಂದ ಬಂದೇ ಇರಲಿಲ್ಲ. ಸ್ಟೇಟ್‌ಮೆಂಟ್ ನೋಡಿದರೆ ಯಾರಿಗಾದರೂ ಅನುಮಾನ ಬರುವಂತಿತ್ತು. ಬಾಕಿ ಇದೆ ಅಂತ ಸಂಸ್ಥೆಯಿಂದ ಒಂದು ಪತ್ರ ಬರೆಸಿ ಜೊತೆಗೆ ಹಾಕಿದೆ. ಪಾಸ್‌ಪೋರ್ಟ್ ಕೈಗೆ ಬರುವ ತನಕ ನಿದ್ದೆ ಸರಿಯಾಗಿ ಬರಲಿಲ್ಲ. ಕಾನ್ಫರೆನ್ಸ್‌ಗೆ ಕೊಡುವ ಪ್ರಯಾಣ ಅನುದಾನ ಬೀಮ್‌ಟೈಮ್‌ಗೆ ಸಿಗದೇ ಇರಬಹುದು, ಮೊದಲೇ ಕೇಳಿ.

ಫಿಲ್ಮ್‌ಗಳನ್ನು ಕೈಚೀಲದಲ್ಲೇ ಒಯ್ಯಿರಿ. ಫಿಲ್ಮ್ ಅಲುಗಾಡದಂತೆ ಹಿಡಿಯುವ ಜೆಲ್ ಡಬ್ಬಿ, ಅದರ ಹೊರಗೆ ಸಿಲಿಕಾ ಜೆಲ್ ಹಾಕಿ ಸೀಲ್ ಮಾಡಿದ ಚೀಲ, ಯಾಕಂದರೆ ತೇವಾಂಶ ಈ ಫಿಲ್ಮ್‌ಗಳನ್ನು ಹಾಳು ಮಾಡುತ್ತದೆ. ಮೇಲೆ ಗೈಡ್ ಸಹಿ ಇರುವ ಪತ್ರ: ಸಂಶೋಧನಾ ಮಾದರಿ, ಮಾರಾಟದ ಬೆಲೆ ಇಲ್ಲ, ಅಪಾಯಕಾರಿ ಅಲ್ಲ, ಗಾತ್ರ ಇಷ್ಟು.

ಅಲ್ಲಿ ಮೊದಲ ಅರ್ಧ ದಿನ ವಿಕಿರಣ ಸುರಕ್ಷತೆಯ ಪಾಠ, ಮೈಗೆ ಬೀಳುವ ವಿಕಿರಣ ಅಳೆಯುವ ಡೋಸಿಮೀಟರ್, ಸಹಿಗಳು. ಅದನ್ನೂ ನಿಮ್ಮ ವೇಳಾಪಟ್ಟಿಯಲ್ಲಿ ಸೇರಿಸಿ. ಟೆರಾಹರ್ಟ್ಜ್ ಅಲೆಯನ್ನು ಗಾಳಿಯ ನೀರಾವಿ ನುಂಗುತ್ತದೆ, ಹಾಗಾಗಿ ಇಡೀ ದಾರಿಗೆ ಡಬ್ಬಿ ಮುಚ್ಚಿ ಒಣ ನೈಟ್ರೋಜನ್ ಹಾಯಿಸುತ್ತಾರೆ. ಒಂದು ಸಲ ಮುಚ್ಚಳ ತೆಗೆದರೆ ಮತ್ತೆ ಒಣಗುವ ತನಕ ಕಾಯಬೇಕು. ಎರಡನೇ ರಾತ್ರಿ ವೇಗವರ್ಧಕ ನಿಂತು ನಮ್ಮ ಶಿಫ್ಟ್‌ನ ಒಂದು ಭಾಗ ಹೋಯಿತು. ಇಂಥದ್ದು ಎಲ್ಲ ಕಡೆ ಆಗುತ್ತದೆ, ಆದ್ದರಿಂದ ಮುಖ್ಯವಾದ ಫಿಲ್ಮನ್ನು ಮೊದಲು ಅಳೆಯಿರಿ. ಅಲ್ಲಿ ನಾವು ಮೊದಲು ಮಾಡಿದ್ದೂ ಪವರ್ ಪರೀಕ್ಷೆಯೇ: ಒಳಬರುವ ಅಲೆಯ ಬಲ ಅರ್ಧ ಮಾಡಿದರೆ ಮೂರು ಪಟ್ಟಿನ ಸಿಗ್ನಲ್‌ನ ಬಲ ಎಂಟನೇ ಒಂದಾಗಬೇಕು. ಫಿಲ್ಟರ್‌ಗಳಿಂದ ಸೋರಿದ ಬೆಳಕಾದರೆ ಹಾಗಾಗಲ್ಲ. ಕೊನೆಯ ರಾತ್ರಿ ತಾಪಮಾನ ಇಳಿಸುತ್ತಾ ಹೋದಾಗ, ಸೂಪರ್‌ಕಂಡಕ್ಟರ್ ಆಗುವ ಗಡಿ ದಾಟುತ್ತಿದ್ದಂತೆ 2.1ರಲ್ಲಿ ಸಿಗ್ನಲ್ ಪರದೆಯ ಮೇಲೆ ಏಳುತ್ತಾ ಬಂತು. ನಾನು ಎದ್ದು ನಿಂತುಬಿಟ್ಟೆ. ಜೊತೆಗಿದ್ದ ಅಲ್ಲಿನ ವಿಜ್ಞಾನಿ ಏನೂ ಹೇಳದೆ ಅಳತೆಯನ್ನು ಮತ್ತೊಮ್ಮೆ ಮೇಲಿನಿಂದ ಶುರು ಮಾಡಿದರು, ಎರಡನೇ ಸಲವೂ ಅದೇ ಬಂತು.

ಡೇಟಾ ಎರಡು ಡಿಸ್ಕ್‌ನಲ್ಲಿ ತನ್ನಿ, ಎರಡೂ ಒಂದೇ ಚೀಲದಲ್ಲಿ ಬೇಡ. ಅಲ್ಲಿನ ಲಾಗ್‌ಬುಕ್ ಪುಟಗಳ ಫೋಟೋ ತೆಗೆದುಕೊಳ್ಳಿ, ಯಾವ ಫೈಲ್‌ನಲ್ಲಿ ಯಾವ ಫಿಲ್ಟರ್ ಇತ್ತು ಅಂತ ಊರಿಗೆ ಬಂದಮೇಲೆ ನೆನಪಾಗಲ್ಲ. ಇನ್ನು ಬೋರ್ಡಿಂಗ್ ಪಾಸ್, ಬಸ್ ಟಿಕೆಟ್, ವಿಮೆ ರಸೀದಿ, ವೀಸಾ ಕೇಂದ್ರದ ರಸೀದಿ, ಎಲ್ಲವನ್ನೂ ಒಂದು ಲಕೋಟೆಯಲ್ಲಿ ಇಡಿ, ಥರ್ಮಲ್ ಕಾಗದದ ರಸೀದಿ ಬಿಳಿಚಿಕೊಳ್ಳುವ ಮೊದಲು ಜೆರಾಕ್ಸ್ ಮಾಡಿಸಿ. ಬಿಲ್ ಪಾಸ್ ಮಾಡುವ ಕಚೇರಿಯಲ್ಲಿ ಮೊದಲು ಕೇಳುವುದು ಬೋರ್ಡಿಂಗ್ ಪಾಸ್‌ನ ಅಸಲು ಪ್ರತಿ. ನನ್ನ ಕೈಯಿಂದ ಹಾಕಿದ ದುಡ್ಡಲ್ಲಿ ಟಿಕೆಟ್‌ನದ್ದು ಬಂದಿದೆ, ದಿನಭತ್ಯೆ ಇನ್ನೂ ಬರಬೇಕು.